ಪಿನ್ ಕೋಡ್ ಇಲ್ಲದ ಅಕ್ಕ

2025ರಲ್ಲಿ ಚೌತಿಗೆ ನಾಲ್ಕು ದಿನ ಮುಂಚೆಯೇ ತಂಗಿಯ ಮನೆಗೆ ಹೊರಟೆ. ಜೋಯಿಡಾದಿಂದ ಕುಂಬಾರವಾಡ ದಾಟಿ ಇನ್ನೂ ಒಳಗೆ ಅವಳ ಊರು. ದಾಂಡೇಲಿಯಲ್ಲಿ ಬಸ್ ಹತ್ತುವಾಗ ನನ್ನ ಫೋನಿನಲ್ಲಿ ನಾಲ್ಕು ಕಡ್ಡಿ ಇದ್ದವು. ಗಣೇಶಗುಡಿ ದಾಟುವಾಗ ಎರಡಾದವು. ಜೋಯಿಡಾ ಪೇಟೆಯಲ್ಲಿ ಮತ್ತೆ ತುಂಬಿಕೊಂಡವು. ಪೇಟೆ ಬಿಟ್ಟ ಮೇಲೆ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ, ಹೊಸ ಸೊಸೆ ಪಡಸಾಲೆಗೆ ಇಣುಕಿ ಒಳಗೆ ಓಡಿದ ಹಾಗೆ. ಆಮೇಲೆ ಅದೂ ಇಲ್ಲ. ನಾನು ಫೋನನ್ನು ಬ್ಯಾಗಿಗೆ ಹಾಕಿ ಕಿಟಕಿಯ ಆಚೆ ಮಳೆ ನೋಡುತ್ತ ಕೂತೆ. ಸತ್ಯ ಹೇಳಬೇಕೆಂದರೆ ಐದೇ ನಿಮಿಷ. ಮತ್ತೆ ತೆಗೆದು ನೋಡಿದೆ.

ತಂಗಿಯ ಊರಿಗೆ ಅರ್ಧ ಕಿಲೋಮೀಟರ್ ಇರುವಾಗ ರಸ್ತೆ ಗುಡ್ಡದ ಅಂಚಿನಲ್ಲಿ ತಿರುಗುತ್ತದೆ. ಅಲ್ಲೊಂದು ನೇರಳೆ ಮರ. ಅದರ ಬುಡದಲ್ಲಿ ನಿಂತರೆ ಸತ್ತ ಫೋನು ಜೀವ ಹಿಡಿಯುತ್ತದೆ. ಊರವರು ಅದಕ್ಕೆ ‘ಟವರ್ ತಿರುವು’ ಎಂದು ಹೆಸರಿಟ್ಟಿದ್ದಾರೆ, ಟವರ್ ಮಾತ್ರ ಇಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಇಲ್ಲೇ ತಾಡಪತ್ರಿ ಕಟ್ಟಿಕೊಂಡು ಪಾಠ ಕೇಳಿದ್ದು. ಈಗ ಸಂಜೆಯಾದರೆ ಹತ್ತು ಹನ್ನೆರಡು ಜನ ಸೇರುತ್ತಾರೆ. ಒಬ್ಬ ಗೋವಾದಲ್ಲಿರುವ ಮಗನಿಗೆ ಫೋನ್ ಮಾಡುತ್ತಿದ್ದರೆ ಇನ್ನೊಬ್ಬ ಅಮೆರಿಕದ ಟ್ರಂಪ್ ಸುಂಕ ಏರಿಸಿದ್ದನ್ನು ವಿವರಿಸುತ್ತಿರುತ್ತಾನೆ. ಮೊದಲು ಹಳ್ಳಿಗಳಲ್ಲಿ ಅರಳಿ ಕಟ್ಟೆ ಇರುತ್ತಿತ್ತಲ್ಲ, ಹಾಗೇ.

ನಾನು ಬಸ್ ಇಳಿದು ಬರುವುದಕ್ಕೂ ತಂಗಿಯ ಮಗ ಆ ಮರದ ಕೆಳಗಿಂದ ಕೂಗುವುದಕ್ಕೂ ಸರಿಹೋಯಿತು.

“ದೊಡ್ಡವ್ವಾ, ಟಿಕ್‌ಟಾಕ್ ವಾಪಸ್ ಬಂತ!”

ಅವನು ಹಳಿಯಾಳದಲ್ಲಿ ಓದುವ ಹುಡುಗ. ಹೈಸ್ಕೂಲಿನಲ್ಲಿದ್ದಾಗ ಹಳಿಯಾಳದ ಕುಸ್ತಿ ಪೈಲ್ವಾನರು ಮಟ್ಟಿಯಲ್ಲಿ ಪಟ್ಟು ಹಾಕುವುದನ್ನು ಹಾಡು ಸೇರಿಸಿ ಟಿಕ್‌ಟಾಕ್‌ಗೆ ಬಿಡುತ್ತಿದ್ದ. ಅವನ ಸಂತೋಷ ಸಹಜವೇ. ಆದರೆ ನಾನು ಹಿಂದಿನ ದಿನವೇ ದಾಂಡೇಲಿಯಲ್ಲಿ ಸುದ್ದಿ ನೋಡಿದ್ದೆ. ಆಗಸ್ಟ್ 22ರಂದು ಕೆಲವರಿಗೆ ಟಿಕ್‌ಟಾಕ್‌ನ ವೆಬ್‌ಸೈಟು ತೆರೆದುಕೊಂಡಿತ್ತು, ನಿಷೇಧ ತೆಗೆದರಂತೆ ಎಂದು ಗುಲ್ಲೆದ್ದಿತ್ತು, ಅಂಥ ಆದೇಶ ಯಾವುದೂ ಇಲ್ಲ ಎಂಬ ಸ್ಪಷ್ಟನೆ ಸರ್ಕಾರದ ಕಡೆಯಿಂದ ಬಂದಿತ್ತು. ಬೆಂಗಳೂರಿನಲ್ಲಿ ಶುಕ್ರವಾರ ಹುಟ್ಟಿ ಶುಕ್ರವಾರವೇ ಸತ್ತ ಸುದ್ದಿ, ನಮ್ಮ ತಿರುವಿನಲ್ಲಿ ಶನಿವಾರ ಸಂಜೆ ಕುಣಿಯುತ್ತಿತ್ತು. “ಸುಳ್ಳು ಸುದ್ದಿ ಅದು ತಮ್ಮಾ” ಎಂದೆ. ಮುಖ ಸಣ್ಣದು ಮಾಡಿದ, ಮರುಕ್ಷಣ ಇನ್‌ಸ್ಟಾಗ್ರಾಮ್ ತೆಗೆದು ಏನೋ ನೋಡಿ ನಗತೊಡಗಿದ.

ಹಿಂದಿನ ದಿನ ಆ ಸುದ್ದಿ ಓದುತ್ತ ನನಗೆ ನೆನಪಾದದ್ದು ಟಿಕ್‌ಟಾಕ್ ಅಲ್ಲ. ಅದರ ಜೊತೆಯಲ್ಲೇ ನಿಷೇಧವಾದ ಇನ್ನೊಂದು ಆ್ಯಪ್ ಮತ್ತು ಮುಂಡಗೋಡದ ಒಬ್ಬಳು ಅಮಾ. ಅದನ್ನು ಹೇಳಬೇಕಾದರೆ ನನ್ನ ವಿಷಯ ಸ್ವಲ್ಪ ಹೇಳಬೇಕು.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವಳು. ಶುರುವಾದದ್ದು ಜೋಯಿಡಾದಲ್ಲಿ. ಆಗ ಜನರ ಬಾಯಲ್ಲಿ ಅದು ಸೂಪಾ ತಾಲ್ಲೂಕು. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1987ರಲ್ಲಿ ಕೆಲಸ ಮುಗಿಯಿತು. ಸೂಪಾ ಎಂಬ ಊರೇ ನೀರಿನಡಿಗೆ ಹೋಯಿತು. ಅಲ್ಲಿಯ ಎಷ್ಟೋ ಮನೆಯವರು ರಾಮನಗರಕ್ಕೆ ಬಂದು ನೆಲೆಸಿದರು. ಊರು ಮುಳುಗಿದ್ದು ಪುಣೆಯಲ್ಲೋ ಮುಂಬೈಯಲ್ಲೋ ಇರುವ ನೆಂಟರಿಗೆ ಗೊತ್ತಾಗಬೇಕಲ್ಲ? ಮುಳುಗಿದ ಊರುಗಳ ಹೆಸರಿಗೆ ಕಾಗದ ಬರುತ್ತಲೇ ಇದ್ದವು. ನಾವು ಹಳೆಯ ವಿಳಾಸಕ್ಕೆ ಕೆಂಪು ಶಾಯಿಯ ಗೀಟು ಎಳೆದು ‘ರಾಮನಗರ’ ಎಂದು ಬರೆದು ಕಳಿಸುತ್ತಿದ್ದೆವು. ಒಂದು ಊರನ್ನು ಹೊಡೆದುಹಾಕಲು ಒಂದು ಗೀಟು ಸಾಕು ಎಂದು ಆಗ ಅನ್ನಿಸಿತ್ತು. ಅದೇ ನೀರಿನಿಂದ ಹುಟ್ಟಿದ ವಿದ್ಯುತ್ತಿನಲ್ಲಿ ರಾಜ್ಯದ ಊರೂರುಗಳ ಫೋನು ಚಾರ್ಜ್ ಆಗುತ್ತವೆ, ನನ್ನ ತಂಗಿಯ ಊರಿನವರು ನೇರಳೆ ಮರ ಹುಡುಕುತ್ತಾರೆ. ಇರಲಿ.

ಆಮೇಲೆ ಹಳಿಯಾಳಕ್ಕೆ ವರ್ಗ. ಅಲ್ಲಿ ನಮ್ಮ ಜೊತೆ ಒಬ್ಬ ಸಿದ್ದಿ ಪೋಸ್ಟ್‌ಮನ್ ಇದ್ದರು. ಶತಮಾನಗಳ ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದ ಜನರ ವಂಶ ಅವರದು. ದಾಂಡೇಲಿಗೆ ಬರುವ ಟೂರಿಸ್ಟರು ಅವರನ್ನು ಕಂಡು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದರೆ, ಅವರು ಗಂಭೀರವಾಗಿ “ತಾಲ್ಲೂಕ್ ಹಳಿಯಾಳ, ಪಿನ್ 581329” ಎನ್ನುತ್ತಿದ್ದರು. ನಾವೆಲ್ಲ ನಕ್ಕೂ ನಕ್ಕೂ ಸುಸ್ತಾಗುತ್ತಿದ್ದೆವು. ಅದು ಬರೀ ತಮಾಷೆಯಲ್ಲ ಎಂದು ತಿಳಿಯಲು ನಾನು ಮುಂಡಗೋಡಕ್ಕೆ ಹೋಗಬೇಕಾಯಿತು.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ತನ್ನದೇ ಪಿನ್ ಕೋಡ್ ಇದೆ, 581411. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ನಮ್ಮ ಆಗಿನ ಮೈಸೂರು ರಾಜ್ಯ ಅವರಿಗೆ ಜಾಗ ಕೊಟ್ಟಿತು. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡದ ಹತ್ತಿರ ಸುಮಾರು 4,000 ಎಕರೆ ಕಾಡು. ಅವರು ಆ ನೆಲೆಗೆ ಡೋಗುಲಿಂಗ್ ಎಂದು ಹೆಸರಿಟ್ಟುಕೊಂಡರು. ಗಾಂದೆನ್, ಡ್ರೆಪುಂಗ್ ಎಂಬ ಅವರ ದೊಡ್ಡ ಮಠಗಳು ಲಾಸಾದ ಬಳಿ ಇದ್ದಂಥವು, ಇಲ್ಲಿ ಮತ್ತೆ ಎದ್ದವು. ಹಿಮದ ನಾಡಿನವರು ನಮ್ಮ ಬಿಸಿಲಿನಲ್ಲಿ ಗೋವಿನಜೋಳ ಬೆಳೆದರು, ಚಳಿಗಾಲದಲ್ಲಿ ಹುಬ್ಬಳ್ಳಿ, ಬೆಳಗಾವಿಗೆ ಹೋಗಿ ನಮಗೆ ಸ್ವೆಟರ್ ಮಾರಿದರು.

ಆ ಸ್ವೆಟರ್ ಮಾರುವವರಲ್ಲಿ ಒಬ್ಬಳು ನನ್ನ ಕೌಂಟರಿಗೆ ಪ್ರತಿ ತಿಂಗಳು ಆರ್.ಡಿ. ಕಟ್ಟಲು ಬರುತ್ತಿದ್ದಳು. ಹುಬ್ಬಳ್ಳಿ ಸಂತೆಯಲ್ಲಿ ಕಲಿತ ಕನ್ನಡ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಆದರೂ ನನ್ನನ್ನು ‘ಟಪಾಲ್ ಅಕ್ಕಾ’ ಎನ್ನುತ್ತಿದ್ದಳು. ನಾನು ಅವಳನ್ನು ಅಮಾ-ಲಾ ಎನ್ನುತ್ತಿದ್ದೆ. ಅವರ ಮಾತಿನಲ್ಲಿ ‘ಲಾ’ ಎಂದರೆ ನಮ್ಮ ‘ರೀ’ ಇದ್ದ ಹಾಗೆ, ಮರ್ಯಾದೆಗೆ. ಅಕ್ಕನಿಗೆ ಅವರು ಆಚಾ-ಲಾ ಎನ್ನುತ್ತಾರೆ. ಅಕ್ಕ, ಆಚಾ. ಕೇಳಿದರೆ ಒಂದೇ ಮನೆಯ ಮಾತಿನ ಹಾಗಿದೆ ಅಲ್ವಾ?

ಅವಳ ಆಚಾ ಟಿಬೆಟ್ಟಿನಲ್ಲೇ ಉಳಿದವಳು. ಅಪ್ಪ ಆರು ವರ್ಷದ ಅಮಾಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಾಗ, ಅಜ್ಜಿಯನ್ನು ನೋಡಿಕೊಳ್ಳಲೆಂದು ತಾಯಿಯ ಜೊತೆ ಹನ್ನೊಂದು ವರ್ಷದ ಅಕ್ಕ ನಿಂತಳು. ಕೆಲವು ತಿಂಗಳಲ್ಲಿ ತಿರುಗಿ ಬರುತ್ತೇವೆ ಎಂಬ ಲೆಕ್ಕ. ಅಪ್ಪ ಹಿಮಾಚಲದಲ್ಲಿ ರಸ್ತೆ ಕೆಲಸ ಮಾಡಿ, ಆಮೇಲೆ ಮುಂಡಗೋಡಕ್ಕೆ ಬಂದು, ಅಲ್ಲೇ ತೀರಿಕೊಂಡರು. ಎಂಬತ್ತರ ದಶಕದಲ್ಲಿ ಒಬ್ಬ ಯಾತ್ರಿಕ ನೇಪಾಳದ ಮೂಲಕ ಕೈಯಲ್ಲೇ ಒಂದು ಫೋಟೋ ತಂದುಕೊಟ್ಟ. ಹಿಂದೆ ವಿಳಾಸ ಇರಲಿಲ್ಲ. ಅಷ್ಟೇ.

2014ರಲ್ಲಿ ಅಮಾ ಒಂದು ದಿನ ಕ್ಯೂ ಬಿಟ್ಟು ನೇರ ನನ್ನ ಕಿಟಕಿಗೆ ಬಂದಳು. ಕೈಯಲ್ಲಿ ಹೊಸ ಫೋನು. “ಟಪಾಲ್ ಅಕ್ಕಾ, ಕೇಳು” ಎಂದು ನನ್ನ ಕಿವಿಗೆ ಹಿಡಿದಳು. ಒಬ್ಬ ಮುದುಕಿಯ ಧ್ವನಿ, ನಡುವೆ ಕೆಮ್ಮು, ಹಿಂದೆಲ್ಲೋ ನಾಯಿ ಬೊಗಳುವ ಸದ್ದು. ನನಗೊಂದು ಶಬ್ದವೂ ತಿಳಿಯಲಿಲ್ಲ. ಅಮಾಳ ಕಣ್ಣು ನೋಡಿ ತಿಳಿಯಿತು.

ಆ ಆ್ಯಪಿನ ಹೆಸರು ವಿಚಾಟ್. ಚೀನಾದ ಟೆನ್ಸೆಂಟ್ ಕಂಪನಿ 2011ರಲ್ಲಿ ತಂದದ್ದು. ಫೇಸ್‌ಬುಕ್ಕಿಗೆ ಅಲ್ಲಿ 2009ರಿಂದಲೇ ಬಾಗಿಲು ಮುಚ್ಚಿದೆ, ವಾಟ್ಸ್‌ಆ್ಯಪನ್ನೂ 2017ರಲ್ಲಿ ತಡೆದರು. ಹಾಗಾಗಿ ಟಿಬೆಟ್ಟಿನ ಒಳಗಿನವರ ಹತ್ತಿರ ಇರುವುದು ಅದೊಂದೇ. ಗುಂಡಿ ಒತ್ತಿ ಹಿಡಿದು ಮಾತಾಡಿ ಬಿಟ್ಟರೆ ಆಯ್ತು, ಧ್ವನಿ ಹೋಗುತ್ತದೆ. ಓದು ಬರಹ ಬಾರದ ಮುದುಕಿಯರಿಗೆ ಅದಕ್ಕಿಂತ ಏನು ಬೇಕು? ಡ್ರೆಪುಂಗಿನ ಒಬ್ಬ ಸಣ್ಣ ಲಾಮಾ ಅದೇ ಸೀಮೆಯವನು, ಅವನ ಮನೆಯವರ ಮೂಲಕ ಅಕ್ಕನ ಪತ್ತೆಯಾಗಿತ್ತು.

ಅವರು ಮಾತಾಡುತ್ತಿದ್ದುದು ಏನು? ಮಳೆ ಬಂತಾ, ಮೊಣಕಾಲು ನೋವು ಹೇಗಿದೆ, ಕುರಿ ಎಷ್ಟು ಮರಿ ಹಾಕಿತು. ಅದರ ಆಚೆ ಇಲ್ಲ. ಆ ಆ್ಯಪಿನ ಮೇಲೆ ಚೀನಾ ಸರ್ಕಾರದ ಕಿವಿ ಇರುತ್ತದೆ ಎಂಬುದು ಕ್ಯಾಂಪಿನ ಮಕ್ಕಳಿಗೂ ಗೊತ್ತು. ಹೊರಗಿನ ಬಂಧುಗಳ ಜೊತೆ ಮಾತಾಡಿದ್ದಕ್ಕೆ ಒಳಗಿನವರನ್ನು ಕರೆದು ವಿಚಾರಿಸಿದ ಸುದ್ದಿಗಳು ಬರುತ್ತಲೇ ಇರುತ್ತವೆ. ದಲೈ ಲಾಮಾರ ಹೆಸರಂತೂ ಇಬ್ಬರೂ ಎತ್ತುತ್ತಿರಲಿಲ್ಲ. 2019ರ ಡಿಸೆಂಬರಿನಲ್ಲಿ ದಲೈ ಲಾಮಾ ಮುಂಡಗೋಡಕ್ಕೆ ಬಂದಾಗ, ಅಮಾ ಅಕ್ಕನಿಗೆ ಹೇಳಿದ್ದು ಇಷ್ಟೇ: “ಇವತ್ತು ನಮ್ಮಲ್ಲಿ ಬಿಸಿಲು ಬಹಳ ಚೆನ್ನಾಗಿದೆ.” ಅಕ್ಕ ಅರ್ಥ ಮಾಡಿಕೊಂಡಳಂತೆ. ಆಮೇಲೆ ಸುಮಾರು ಹೊತ್ತು ಬರೀ ಮೂಗು ಒರೆಸುವ ಸದ್ದು.

ಅಷ್ಟು ಹೊತ್ತಿಗೆ ನಾನು ನಿವೃತ್ತಳಾಗಿ ದಾಂಡೇಲಿ ಸೇರಿದ್ದೆ. ದಾಂಡೇಲಿ ಎಂದರೆ ಕಾಗದದ ಊರು, ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇರುವುದು ಇಲ್ಲೇ. ಆ ಊರಲ್ಲಿ ಕೂತು ನಾನು ಕಾಗದ ಬರೆಯುವುದು ಬಿಟ್ಟು ವಾಟ್ಸ್‌ಆ್ಯಪ್ ಕಲಿತೆ. ಚೆನ್ನಾಗಿಯೇ ಕಲಿತೆ ಎನ್ನಬೇಕು. ಬೆಳಿಗ್ಗೆ ಚಹಾ ಆರುವುದರೊಳಗೆ ಏಳು ಗುಂಪಿಗೆ ಶುಭೋದಯ, ಮಧ್ಯಾಹ್ನ ಮಧುಮೇಹಕ್ಕೆ ಮನೆಮದ್ದು, ಸಂಜೆ ದೇಶ ವಿದೇಶದ ವಿಚಾರ. ನೀವೂ ಇಂಥ ಒಬ್ಬ ಅತ್ತೆಯನ್ನೋ ಚಿಕ್ಕಮ್ಮನನ್ನೋ ಮ್ಯೂಟ್ ಮಾಡಿಟ್ಟಿರುತ್ತೀರಿ, ನನಗೆ ಗೊತ್ತು.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಇಡೀ ದೇಶದ ಹೊಟ್ಟೆ ಉರಿದಿತ್ತು, ನನ್ನದೂ. ಜೂನ್ 29ಕ್ಕೆ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಗಡಿಯಲ್ಲಿ ರಕ್ತ ಹರಿದ ಮೇಲೆ ಸರ್ಕಾರ ಸುಮ್ಮನೆ ಕೂರಲಾಗದು. ನನ್ನ ತಕರಾರು ನನ್ನ ಮೇಲೆಯೇ. ಆ ರಾತ್ರಿ ಯಾವುದೋ ಗುಂಪಿನಿಂದ ಒಂದು ಉದ್ದನೆಯ ಮೆಸೇಜ್ ಬಂತು. 59 ಹೆಸರುಗಳ ಪಟ್ಟಿ, ಕೆಳಗೆ ದಪ್ಪಕ್ಷರದಲ್ಲಿ: ಈಗಲೇ ಡಿಲೀಟ್ ಮಾಡಿ, ಇಟ್ಟುಕೊಂಡವರು ದೇಶದ್ರೋಹಿಗಳು. ನಾನು ಪೂರ್ತಿ ಓದಲೂ ಇಲ್ಲ. ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೆ ಕಳಿಸಿ, ದೇಶಕ್ಕೆ ಏನೋ ಮಾಡಿದೆ ಎಂಬ ಸಮಾಧಾನದಲ್ಲಿ ಮಲಗಿದೆ.

ಎರಡು ದಿನ ಬಿಟ್ಟು ಅಮಾಳ ಫೋನು.

“ಟಪಾಲ್ ಅಕ್ಕಾ, ನಿಂದು ಮೆಸೇಜ್ ಬಂತು. ಮೊಮ್ಮಗ ಓದ್ದ. ನಂದು ಆಚಾ ಹೋಯ್ತು.”

ಅಕ್ಕ ತೀರಿಕೊಂಡಳು ಎಂದುಕೊಂಡೆ. ಎಂಥಾ ಕಾಲ ಬಂತವ್ವಾ, ಕೊರೋನಾ ಏನು ಎಂದೂ ಕೇಳಿದೆ. ಆಮೇಲೆ ಮೊಮ್ಮಗ ಫೋನು ತೆಗೆದುಕೊಂಡು ಹೇಳಿದ. ನಾನು ಕಳಿಸಿದ್ದನ್ನು ಓದಿ ಅವನು ಹೆದರಿ, ಅಜ್ಜಿಯ ಫೋನಿನಿಂದ ವಿಚಾಟ್ ತೆಗೆದುಹಾಕಿದ್ದ. ದೇಶದ್ರೋಹಿ ಎಂಬ ಶಬ್ದ ನಮ್ಮ ಮನೆಯಲ್ಲಿ ಟಿ.ವಿ. ಚರ್ಚೆಯ ಶಬ್ದ. ಆಶ್ರಯ ಕೊಟ್ಟ ದೇಶದಲ್ಲಿ ಪ್ರತಿ ಕಾಗದವನ್ನೂ ಜೋಪಾನವಾಗಿಟ್ಟುಕೊಂಡು ಬದುಕುವ ಮನೆಯ ಹುಡುಗ ಅದನ್ನು ಹೇಗೆ ಓದಿರಬೇಡ! ಮತ್ತೆ ಹಾಕಿಕೊಳ್ಳೋಣವೆಂದರೆ ಪ್ಲೇ ಸ್ಟೋರಿನಲ್ಲಿ ಅದಿಲ್ಲ. ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು. ವಿಚಾಟ್‌ನ ಮಾತುಕತೆ ಇರುವುದು ಫೋನಿನ ಒಳಗೇ. ಆ್ಯಪ್ ತೆಗೆದರೆ ಅದೂ ಹೋಯಿತು. ಆರು ವರ್ಷದ ಧ್ವನಿ. ಕೆಮ್ಮು, ನಾಯಿ, ಕುರಿಮರಿಯ ಲೆಕ್ಕ ಎಲ್ಲ.

“ಹೇಗೂ ಒಂದು ತಿಂಗಳೊಳಗೆ ಅದು ಬಂದ್ ಆಗ್ತಿತ್ತು ಬಿಡಮ್ಮಾ” ಎಂದು ಮಗ ಸಮಾಧಾನ ಹೇಳಿದ. ಅದು ನಿಜ, ಜುಲೈ ಮುಗಿಯುವ ಮುಂಚೆ ಭಾರತದಲ್ಲಿ ಇದ್ದವರನ್ನೆಲ್ಲ ವಿಚಾಟ್ ಹೊರಗೆ ಹಾಕಿತು. ಆದರೆ ಆ ಒಂದು ತಿಂಗಳಲ್ಲಿ ಅಕ್ಕ ತಂಗಿ ‘ಹೋಗಿ ಬರ್ತೀನಿ’ ಎಂದಾದರೂ ಹೇಳಿಕೊಳ್ಳಬಹುದಿತ್ತು. ಧ್ವನಿಗಳನ್ನು ಬೇರೆ ಕಡೆ ತುಂಬಿಟ್ಟುಕೊಳ್ಳಬಹುದಿತ್ತು.

ಇತ್ತ ನಮ್ಮ ಕುಸ್ತಿ ವಿಡಿಯೊ ಹುಡುಗ ಟಿಕ್‌ಟಾಕ್ ಹೋಯಿತೆಂದು ಎರಡು ದಿನ ಊಟ ಬಿಟ್ಟಿದ್ದ. ಜುಲೈ 8ಕ್ಕೆ ಇನ್‌ಸ್ಟಾಗ್ರಾಮಿನವರು ಭಾರತದಲ್ಲಿ ರೀಲ್ಸ್ ತಂದರು, ಅವನ ಪೈಲ್ವಾನರು ಅಲ್ಲಿ ಪಟ್ಟು ಹಾಕತೊಡಗಿದರು. ಅಮಾಳಿಗೆ ಅಂಥ ಬದಲಿ ಯಾರೂ ತರಲಿಲ್ಲ.

ಬಸ್ಸು ಸರಿಯಾಗಿ ಓಡತೊಡಗಿದ ಮೇಲೆ ಮುಂಡಗೋಡಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಅವಳ ಮನೆಯ ಮೆಟ್ಟಿಲಲ್ಲೇ ಮರೆಯಿತು. ಬೆಣ್ಣೆ ಚಹಾ ಕೊಟ್ಟಳು. ಉಪ್ಪಿನ ಚಹಾ ನನಗೆ ಎಂದೂ ಸೇರಿದ್ದಿಲ್ಲ, ಅವತ್ತು ಎರಡು ಲೋಟ ಕುಡಿದೆ. ತಪ್ಪಾಯ್ತು ಎಂದಾಗ ನನ್ನ ಕೈ ಹಿಡಿದು, “ನೀನು ಟಪಾಲ್. ಬರದದ್ದು ನೀನಲ್ಲ. ತಂದದ್ದು ಅಷ್ಟೇ” ಎಂದಳು.

ಅವಳು ಸಮಾಧಾನಕ್ಕೇ ಹೇಳಿದ್ದು. ನನಗೆ ಅದೇ ಚುಚ್ಚಿತು. ಮೂವತ್ತೈದು ವರ್ಷ ನಾನು ಯಾರ ಕಾಗದವನ್ನೂ ಹೆಸರು, ಊರು ನೋಡದೆ ಮುಂದೆ ಕಳಿಸಿದವಳಲ್ಲ. ಕೈಬರಹ ತಿಳಿಯದಿದ್ದರೆ ನಾಲ್ಕು ಜನರನ್ನು ಕೇಳಿ, ಇಂಥವರಿಗೇ ಎಂದು ಖಾತ್ರಿ ಮಾಡಿಕೊಂಡು ಮುದ್ರೆ ಒತ್ತುತ್ತಿದ್ದೆ. ಬರೆದವರ ಹೆಸರಿಲ್ಲದ ಕಾಗದ ಬಂದರೆ ಬೇನಾಮಿ ಎಂದು ಮೂಗು ಮುರಿಯುತ್ತಿದ್ದೆ. ಅಂಥ ನಾನು, ಯಾರು ಬರೆದರೆಂದೇ ಗೊತ್ತಿಲ್ಲದ ಒಂದನ್ನು, ಯಾರಿಗೆಂದು ನೋಡದೆ ಒಂದೇ ಬೆರಳಲ್ಲಿ ಬಟವಾಡೆ ಮಾಡಿದ್ದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಮಾಳ ಗಂಡನ ಕಡೆಯ ಒಬ್ಬ ಹುಡುಗಿ ಸ್ವಿಟ್ಜರ್ಲೆಂಡಿನಲ್ಲಿ ನರ್ಸ್. ಅಲ್ಲಿ ವಿಚಾಟ್ ನಡೆಯುತ್ತದೆ. 2021ರ ಫೆಬ್ರುವರಿಯಲ್ಲಿ, ಅವರ ಹೊಸ ವರ್ಷ ಲೋಸಾರ್ ಹೊತ್ತಿಗೆ ಆ ಹುಡುಗಿ ಅಕ್ಕನನ್ನು ಹುಡುಕಿ ಹಿಡಿದಳು. ಅಕ್ಕ ಅಲ್ಲಿಂದ ಮಾತಾಡುವುದು, ಈ ಹುಡುಗಿ ಅದನ್ನು ಇನ್ನೊಂದು ಫೋನಿನಲ್ಲಿ ತುಂಬಿ ವಾಟ್ಸ್‌ಆ್ಯಪ್‌ನಲ್ಲಿ ಮುಂಡಗೋಡಕ್ಕೆ ಕಳಿಸುವುದು. ಮೊದಲ ಧ್ವನಿಯಲ್ಲಿ ಅಕ್ಕ ಕೇಳಿದ್ದು, “ನಾನು ನೀನು ಸತ್ತೆ ಅಂತ ದೀಪ ಹಚ್ಚಿದ್ದೆ, ಎಲ್ಲಿ ಹೋಗಿದ್ದೆ?” ಇದನ್ನು ಹೇಳಿ ಅಮಾ ನಕ್ಕಳು. ನನಗೆ ನಗಲಾಗಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. 2024ರ ಬೇಸಿಗೆಯಲ್ಲಿ ಒಂದು ದಿನ ಅಕ್ಕನ ಖಾತೆಯಿಂದ ಸ್ವಿಟ್ಜರ್ಲೆಂಡಿನ ಹುಡುಗಿಯ ಹೆಸರು ತೆಗೆದುಹಾಕಿದ್ದು ಕಾಣಿಸಿತು. ಅಕ್ಕನೇ ತೆಗೆದಳೋ, ಅವಳ ಮಗ ಹೆದರಿ ತೆಗೆದನೋ, ಯಾರಾದರೂ ಬಂದು ತೆಗೆಸಿದರೋ. ಅಲ್ಲೂ ಒಬ್ಬ ಹುಡುಗ ಯಾವುದೋ ಮೆಸೇಜ್ ಓದಿ ಹೆದರಿರಬಹುದು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. 2025ರ ಜುಲೈ 6ಕ್ಕೆ ದಲೈ ಲಾಮಾರಿಗೆ ತೊಂಬತ್ತು ತುಂಬಿತು. ಅವತ್ತು ಬಿಸಿಲಿನ ಸುದ್ದಿ ಕಳಿಸಲು ಅಮಾಳಿಗೆ ದಾರಿ ಇರಲಿಲ್ಲ.

ಹೀಗಾಗಿ ಆ ಸಂಜೆ ನೇರಳೆ ಮರದ ಕೆಳಗೆ ತಂಗಿಯ ಮಗ ಕೂಗಿದ್ದು ನನಗೆ ಬೇರೆಯಾಗಿಯೇ ಕೇಳಿಸಿತು. ಅಲ್ಲೇ ನಿಂತಿದ್ದಾಗ ನನ್ನ ಫೋನಿಗೂ ಕಡ್ಡಿ ಬಂತು, ಟಣ್ ಟಣ್ ಎಂದು ಹದಿನೆಂಟು ಮೆಸೇಜು ಉದುರಿದವು. ಒಂದು ಅಮಾಳ ಮೊಮ್ಮಗನದು. ಟಿಕ್‌ಟಾಕ್ ಬಂದಿದೆ ಅಂತಾರೆ ಆಂಟಿ, ಹಾಗಾದರೆ ವಿಚಾಟ್ ಕೂಡ ಬರುತ್ತಾ, ಅಜ್ಜಿ ಕೇಳ್ತಿದಾಳೆ. ಫೋನ್ ಮಾಡಿದೆ. ಇಲ್ಲ, ಅದು ಸುಳ್ಳು ಎಂದು ಹೇಳಬೇಕಾಯಿತು. ಈ ಸಲ ಮೂರು ಕಡೆ ಓದಿ ಖಾತ್ರಿ ಮಾಡಿಕೊಂಡೇ ಹೇಳಿದ್ದು. ಖಾತ್ರಿಯಾದ ಸುದ್ದಿ ಮುಟ್ಟಿಸುವುದು ಅಷ್ಟು ಕಷ್ಟ ಎಂದು ಮೊದಲು ಗೊತ್ತಿರಲಿಲ್ಲ.

2025ರ ಅಕ್ಟೋಬರ್ 26ರಂದು ಕೋಲ್ಕತ್ತಾದಿಂದ ಚೀನಾದ ಗುವಾಂಗ್‌ಝೌಗೆ ನೇರ ವಿಮಾನ ಮತ್ತೆ ಶುರುವಾಯಿತು, ಐದು ವರ್ಷದ ಮೇಲೆ. ಕೈಲಾಸ ಮಾನಸ ಸರೋವರ ಯಾತ್ರೆ ಜೂನ್‌ನಲ್ಲೇ ಶುರುವಾಗಿತ್ತು. ಮರುದಿನವೇ ಅಮಾ ಫೋನ್ ಮಾಡಿ ಕೇಳಿದಳು: “ಟಪಾಲ್ ಅಕ್ಕಾ, ವಿಮಾನ ಹೋಗ್ತದಂತ. ಕಾಗದ ಹೋಗ್ತದಾ? ನೀನು ಮೇಲೆ ಅಡ್ರೆಸ್ ಬರಿ. ನಿಂದು ಅಕ್ಷರ ಚಂದ.”

ಬರೆಯೋಣ ಎಂದೆ. ಊರು ಹೇಳು ಎಂದೆ. ಆಗ ತಿಳಿದದ್ದು, ಅವಳಿಗೆ ಗೊತ್ತಿರುವುದು ಆರನೇ ವಯಸ್ಸಿನಲ್ಲಿ ಕೇಳಿದ ಹೆಸರು. ಈಗ ಆ ಊರಿಗೆ ಚೀನೀ ಭಾಷೆಯಲ್ಲಿ ಇನ್ನೊಂದು ಹೆಸರಿದೆಯಂತೆ, ಅದು ಅವಳಿಗೆ ಬಾರದು. ಜಿಲ್ಲೆ ಯಾವುದು ತಿಳಿಯದು. ಪಿನ್ ಕೋಡ್ ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾದೆ. ಸೂಪಾಕ್ಕೆ ಬಂದ ಕಾಗದವನ್ನು ರಾಮನಗರಕ್ಕೆ ತಿರುಗಿಸಲು ನಮಗೆ ಕನಿಷ್ಠ ಒಂದು ಹಳೆಯ ಹೆಸರಾದರೂ ಸ್ಪಷ್ಟವಾಗಿ ಇರುತ್ತಿತ್ತು.

“ಆ ಹೆಸರನ್ನೇ ಮತ್ತೊಮ್ಮೆ ಹೇಳಿ ಕಳಿಸು ಅಮಾ-ಲಾ, ನಿಧಾನ” ಎಂದೆ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಬಂತು, ನಾಲ್ಕು ಸೆಕೆಂಡು. ಮೂಗಿನಿಂದ ಶುರುವಾಗಿ ಗಂಟಲಲ್ಲಿ ಮುಗಿಯುವ ಒಂದು ಶಬ್ದ. ಪೆನ್ನು, ಲಕೋಟೆ ಎದುರಿಗಿಟ್ಟುಕೊಂಡು ಹತ್ತಾರು ಸಲ ಕೇಳಿದ್ದೇನೆ. ಕನ್ನಡದ ಯಾವ ಅಕ್ಷರ ಹಾಕಿದರೂ ಅದು ಹಾಗೆ ಕೇಳುವುದಿಲ್ಲ.